ವೈಲ್ಡ್ ಕಾರ್ಡ್ ಕೊಡಸ್ತೀನಿ ಅಂತಾರ, ಏನ್ ಮಾಡೂಣ್ರಿ?

ಪ್ರಶ್ನೆ: ಸರ್, ನಮಸ್ಕಾರ್ರೀ. ನಾನು ಹುಬ್ಬಳ್ಳಿ ದುರ್ಗದಬೈಲ್‌ನ್ಯಾಗ ಪಾತ್ರೆ ಅಂಗಡಿ ಇಟ್ಕೊಂಡೀನಿ. ಮಗಳಿಗೆ 16 ತುಂಬೇತಿ, ಪಿಯುಸಿ ಮೊದಲ ವರ್ಷ. ಒಂಬತ್ತು ವರ್ಷದಾಕಿ ಇದ್ದಾಗಿಂದ ಟೆನಿಸ್ ಆಡಾಕತ್ತಾಳ. ಅಂಡರ್-18ರಾಗ ರಾಜ್ಯ ಮಟ್ಟದ ಟೂರ್ನಿ ಎರಡು ಸಲ ಸೆಮಿಫೈನಲ್ ಆಡ್ಯಾಳ. ಮಹಿಳೆಯರ ಪ್ರೊಫೆಷನಲ್ ಟೂರ್ನಿ ಆಡಸಬೇಕಂತ ಆಸೆ ಐತಿ. ಪರಿಚಯದವರೊಬ್ಬರು, 'ಕ್ವಾಲಿಫೈಯಿಂಗ್ ಆಡಿಸಿ ವ್ಯಾಳ್ಯಾ ಯಾಕ ಹಾಳ ಮಾಡ್ತೀರಿ? ಅಲ್ಲಿ ಪಾಯಿಂಟೂ ಇಲ್ಲ, ರೊಕ್ಕಾನೂ ಇಲ್ಲ. ಒಂದೂವರೆ ಲಕ್ಷ ತಯಾರ ಮಾಡ್ರಿ, ಸೀದಾ ಮೇನ್ ಡ್ರಾಕ್ಕ ವೈಲ್ಡ್ ಕಾರ್ಡ್ ಕೊಡಸ್ತೀನಿ' ಅಂದಾರ. ಮನ್ಯಾಗ ನಮ್ಮ ಅವ್ವ 'ಸಾಕು ಮಾಡ್ರಿ, ಹುಡುಗಿ ಓದಲಿ' ಅಂತಾಳ. ಮಗಳಿಗೆ ಕೇಳಿದ್ರ 'ವೈಲ್ಡ್ ಕಾರ್ಡ್ ಸಿಕ್ರ ಎಲ್ಲರೂ ನೋಡ್ತಾರಪ್ಪ' ಅಂತಾಳ. ನಾವು ಏನ್ ಮಾಡೂಣ್ರಿ?

ಉತ್ತರ: ಮೇನ್ ಡ್ರಾ ಎಂದರೆ ಟೂರ್ನಿಯ ಮುಖ್ಯ ಪಟ್ಟಿ, ಕ್ವಾಲಿಫೈಯಿಂಗ್ ಎಂದರೆ ಅದರೊಳಗೆ ಬರಲು ಆಡುವ ಅರ್ಹತಾ ಸುತ್ತು, ವೈಲ್ಡ್ ಕಾರ್ಡ್ ಎಂದರೆ ಸಂಘಟಕರು ತಾವೇ ಆರಿಸಿ ಕೊಡುವ ಜಾಗ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರ ಕಾಲಿಗೆ ಒಂದು ಸಿಕ್ಕಿಕೊಂಡಿವೆ. ವೈಲ್ಡ್ ಕಾರ್ಡ್ ರೊಕ್ಕಕ್ಕೆ ಸಿಗುತ್ತದೆಯೇ? ಸಿಕ್ಕರೆ ಮಗಳಿಗೆ ಲಾಭವೇ? ಕ್ವಾಲಿಫೈಯಿಂಗ್ ಆಡುವುದು ಬರೀ ಕಾಲಹರಣವೇ? ಮೊದಲನೆಯದಕ್ಕೆ ಉತ್ತರ ಚಿಕ್ಕದು, ಅದನ್ನು ಮುಗಿಸಿಬಿಡೋಣ.

ಒಂದು ಪೈಸೆಯನ್ನೂ ಕೊಡಬೇಡಿ. ವೈಲ್ಡ್ ಕಾರ್ಡಿಗೆ ಹಣ ಕೇಳುವುದು, ಕೊಡುವುದು, ಕೊಡುತ್ತೇನೆ ಎನ್ನುವುದು ಎಲ್ಲವೂ ಟೆನಿಸ್‌ನ ಭ್ರಷ್ಟಾಚಾರ ವಿರೋಧಿ ನಿಯಮದಲ್ಲಿ ಅಪರಾಧ. ಆಟಗಾರ್ತಿಯ ಜೊತೆಗೆ ಅವಳ ಅಪ್ಪ-ಅಮ್ಮ, ಕೋಚ್ ಕೂಡ ಆ ನಿಯಮದ ಅಡಿಗೆ ಬರುತ್ತಾರೆ. ಇದನ್ನು ನೋಡಿಕೊಳ್ಳುವುದು ಲಂಡನ್ನಿನಲ್ಲಿರುವ ಇಂಟರ್‌ನ್ಯಾಷನಲ್ ಟೆನಿಸ್ ಇಂಟೆಗ್ರಿಟಿ ಏಜೆನ್ಸಿ. ಶಿಕ್ಷೆ ದಂಡದಿಂದ ಶುರುವಾಗಿ ಆಟದಿಂದಲೇ ನಿಷೇಧದವರೆಗೆ ಹೋಗುತ್ತದೆ. ಮಗಳು ಟೂರ್ನಿಗೆ ಹೆಸರು ಕೊಟ್ಟವಳಾಗಿದ್ದರೆ, ಇಂಥ ಮಾತು ಬಂದಿತ್ತೆಂದು ತಿಳಿಸದೆ ಸುಮ್ಮನಿರುವುದೂ ತಪ್ಪೇ. ಆದ್ದರಿಂದ ಆ ವ್ಯಕ್ತಿ ಕಳಿಸಿದ ಮೆಸೇಜುಗಳನ್ನು ಅಳಿಸಬೇಡಿ.

ಈ ಆಟ ನಾನು ಹಿಂದೆಯೂ ಕಂಡಿದ್ದೇನೆ. ಹೀಗೆ ಕೇಳುವವರಿಗೆ ಬಹಳ ಸಲ ಒಳಗೆ ಯಾರ ಪರಿಚಯವೂ ಇರುವುದಿಲ್ಲ. ನಾಲ್ಕೈದು ಮನೆಗಳಿಂದ ರೊಕ್ಕ ಎತ್ತುತ್ತಾರೆ. ಅವರಲ್ಲಿ ಒಬ್ಬ ಹುಡುಗಿಗೆ ಅವಳ ಆಟದ ಮೇಲೆಯೇ ವೈಲ್ಡ್ ಕಾರ್ಡ್ ಬಂದರೆ 'ನೋಡ್ರಿ, ನಾನ ಮಾಡ್ಸಿದ್ದು' ಎನ್ನುತ್ತಾರೆ. ಉಳಿದವರಿಗೆ ಅರ್ಧ ವಾಪಸ್ ಕೊಟ್ಟು 'ಮುಂದಿನ ಸಲ ನೋಡೂಣ' ಎನ್ನುತ್ತಾರೆ.

ಇನ್ನು ಉಳಿದ ಎರಡಕ್ಕೆ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಜಾಗಗಳ ಲೆಕ್ಕ ತಿಳಿಯದೆ ಇವು ಬಿಡಿಸಿಕೊಳ್ಳುವುದಿಲ್ಲ.

ಮಹಿಳೆಯರ ಪ್ರೊಫೆಷನಲ್ ಟೆನಿಸ್‌ನ ಕೆಳಗಿನ ಮೆಟ್ಟಿಲು ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಗಳು. ಡಬ್ಲ್ಯೂ15, ಡಬ್ಲ್ಯೂ35, ಡಬ್ಲ್ಯೂ50, ಡಬ್ಲ್ಯೂ75, ಡಬ್ಲ್ಯೂ100 ಎಂದು ಹೆಸರು. ಗೆದ್ದವರಿಗೆ ಸಿಗುವ ಪಾಯಿಂಟೇ ಹೆಸರಿನ ಮುಂದಿನ ಅಂಕಿ. ಅದರ ಮೇಲೆ ಡಬ್ಲ್ಯೂಟಿಎ (ಮಹಿಳಾ ಟೆನಿಸ್ ಸಂಸ್ಥೆ) ನಡೆಸುವ 125, 250, ಹಾಗೇ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ವರೆಗೆ. ಕೆಳಗಿನ ಟೂರ್ನಿಗಳ ಮೇನ್ ಡ್ರಾದಲ್ಲಿ ಸಾಮಾನ್ಯವಾಗಿ 32 ಜಾಗ. ಅದರಲ್ಲಿ 8 ಕ್ವಾಲಿಫೈಯಿಂಗ್ ಗೆದ್ದು ಬಂದವರಿಗೆ, 4 ವೈಲ್ಡ್ ಕಾರ್ಡಿಗೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ರ್‍ಯಾಂಕಿಂಗ್ ಇದ್ದವರಿಗೆ ಹೋಗುತ್ತದೆ.

ನೀವು ಬೆಂಗಳೂರಿಗೆ ರಾಣಿ ಚೆನ್ನಮ್ಮ ರೈಲಿಗೆ ಹೋಗುವವರು, ಹೀಗೆ ಹೇಳಿದರೆ ಥಟ್ಟನೆ ತಿಳಿದೀತು. ರ್‍ಯಾಂಕಿಂಗ್ ಇದ್ದವರದ್ದು ಕನ್ಫರ್ಮ್ ಟಿಕೆಟ್. ವೈಲ್ಡ್ ಕಾರ್ಡ್ ಅಂದರೆ ಎಮರ್ಜೆನ್ಸಿ ಕೋಟಾ, ಪಟ್ಟಿಯಲ್ಲಿ ಹೆಸರು ಎಲ್ಲೇ ಇರಲಿ ಬರ್ತ್ ಸಿಕ್ಕಿಬಿಡುತ್ತದೆ. ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತಿನಲ್ಲಿ ಸೋತು, ಮೇನ್ ಡ್ರಾದವರು ಯಾರೋ ಹಿಂದೆ ಸರಿದದ್ದರಿಂದ ಒಳಗೆ ಬರುವವರು ಲಕ್ಕಿ ಲೂಸರ್. ಅವರದ್ದು ಚಾರ್ಟ್ ಆದ ಮೇಲೆ ಖಾಲಿ ಉಳಿದ ಬರ್ತ್. ಅಮೆರಿಕದ ಆಟಗಾರ್ತಿ ಕೋಕೊ ಗಾಫ್ 2019ರಲ್ಲಿ ಆಸ್ಟ್ರಿಯಾದ ಲಿಂಝ್‌ನಲ್ಲಿ ಹೀಗೇ ಲಕ್ಕಿ ಲೂಸರ್ ಆಗಿ ಒಳಗೆ ಬಂದು ಟ್ರೋಫಿಯನ್ನೇ ಎತ್ತಿಕೊಂಡು ಹೋದರು. ಆಗ ಅವರಿಗೆ 15 ವರ್ಷ.

ಈಗ ನಿಮ್ಮ ಪರಿಚಯದವರ ಮಾತಿಗೆ ಬರುತ್ತೇನೆ. ಕ್ವಾಲಿಫೈಯಿಂಗ್‌ನಲ್ಲಿ ಪಾಯಿಂಟ್ ಇಲ್ಲ ಎಂದರಲ್ಲ, ಡಬ್ಲ್ಯೂ15 ಮಟ್ಟದಲ್ಲಿ ಡಬ್ಲ್ಯೂಟಿಎ ಪಾಯಿಂಟ್ ಇಲ್ಲ, ಆ ಮಾತು ನಿಜ. ಅವರು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಮೇನ್ ಡ್ರಾದ ಮೊದಲ ಪಂದ್ಯ ಸೋತರೂ ಪಾಯಿಂಟ್ ಸೊನ್ನೆಯೇ. ಒಂದು ಪಂದ್ಯ ಗೆದ್ದರೆ 1, ಕ್ವಾರ್ಟರ್‌ಫೈನಲ್ ತಲುಪಿದರೆ 3, ಸೆಮಿಗೆ 6, ಫೈನಲ್‌ಗೆ 10, ಟ್ರೋಫಿಗೆ 15. ಡಬ್ಲ್ಯೂಟಿಎ ರ್‍ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಮೂಡಬೇಕಾದರೆ 52 ವಾರಗಳೊಳಗೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಿರಬೇಕು. ರೊಕ್ಕದ ಮಾತಿಗೆ ಬಂದರೆ, ಡಬ್ಲ್ಯೂ15 ಮೇನ್ ಡ್ರಾದ ಮೊದಲ ಪಂದ್ಯ ಸೋತವರ ಕೈಗೆ ಬರುವುದು 200 ಡಾಲರ್‌ಗೂ ಕಡಿಮೆ. ಒಂದೂವರೆ ಲಕ್ಷ ಕೇಳುವವರು ಈ ಲೆಕ್ಕ ಹೇಳುವುದಿಲ್ಲ.

ಮೇಲಿನ ಮಟ್ಟದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಗ್ರ್ಯಾನ್‌ಸ್ಲಾಮ್‌ನಲ್ಲಿ ಮಹಿಳಾ ಸಿಂಗಲ್ಸ್ ಮೇನ್ ಡ್ರಾ 128 ಜನರದ್ದು. 16 ಮಂದಿ ಮೂರು ಸುತ್ತು ಗೆದ್ದು ಬರುತ್ತಾರೆ, 8 ಮಂದಿ ವೈಲ್ಡ್ ಕಾರ್ಡ್ ಮೇಲೆ. ವೈಲ್ಡ್ ಕಾರ್ಡ್ ಪಡೆದವರು ಮೊದಲ ಸುತ್ತಿನಲ್ಲೇ ಸೋತರೆ 10 ಪಾಯಿಂಟ್. ಕ್ವಾಲಿಫೈಯಿಂಗ್ ದಾಟಿ ಬಂದವರು ಅದೇ ಸುತ್ತಿನಲ್ಲಿ ಸೋತರೆ, ದಾಟಿದ್ದಕ್ಕೆ 40 ಸೇರಿ 50.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಕಲಿಯುತ್ತಿದ್ದ 17ರ ಹುಡುಗಿಯೊಬ್ಬಳಿಗೆ ಹೊರರಾಜ್ಯದ ಟೂರ್ನಿಯಲ್ಲಿ ಮೇನ್ ಡ್ರಾ ವೈಲ್ಡ್ ಕಾರ್ಡ್ ಸಿಕ್ಕಿತು. ಪತ್ರ ಬರೆದು ಕೇಳಿದ್ದು ನಾನೇ. ಹಿಂದಿನ ರಾತ್ರಿ ಎರಡೂ ರಾಕೆಟ್‌ಗೆ ಹೊಸ ಗಟ್ (ತಂತಿ) ಹಾಕಿಸಿಕೊಂಡಳು. ಮರುದಿನ ಎದುರಿಗೆ ಬಂದವಳು ಶ್ರೇಯಾಂಕ (ಸೀಡ್, ಟೂರ್ನಿಯ ಬಲಿಷ್ಠರಿಗೆ ಮೊದಲೇ ಕೊಡುವ ಕ್ರಮಾಂಕ) ಇಲ್ಲದ ಸಾಧಾರಣ ಆಟಗಾರ್ತಿ, ವಯಸ್ಸು 26ರ ಆಸುಪಾಸು. ನಮ್ಮ ಹುಡುಗಿಯ ಎರಡನೇ ಸರ್ವ್ ಮೆತ್ತಗೆ ಬೀಳುತ್ತದೆಂದು ಮೂರನೇ ಗೇಮಿನಲ್ಲೇ ಅವಳಿಗೆ ಗೊತ್ತಾಯಿತು. ಬೇಸ್‌ಲೈನಿನಿಂದ ಎರಡು ಹೆಜ್ಜೆ ಒಳಗೆ ನಿಂತು ಕಾಯತೊಡಗಿದಳು. ಅಲ್ಲಿಂದ ನಮ್ಮವಳು ಪ್ರತಿ ಪಾಯಿಂಟ್ ಆದ ಮೇಲೂ ನನ್ನ ಕಡೆ ನೋಡುತ್ತಿದ್ದಳು. 6-1, 6-0. ಐವತ್ತು ನಿಮಿಷ ಕೂಡ ಹಿಡಿಯಲಿಲ್ಲ. ರೂಮಿಗೆ ಬಂದು ಬ್ಯಾಗ್ ಬಿಚ್ಚಿದಾಗ ಒಂದು ರಾಕೆಟ್ಟನ್ನು ಕವರಿನಿಂದ ಹೊರಗೇ ತೆಗೆದಿರಲಿಲ್ಲ. ಇನ್ನೊಂದರ ಗಟ್‌ ಮೇಲೆ ಚೆಂಡಿನ ನೂಲು ಕೂಡ ಸರಿಯಾಗಿ ಹತ್ತಿರಲಿಲ್ಲ. ವಾಪಸ್ ಬರುವಾಗ ಮೀರಜ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಅದೇ ವರ್ಷ ಅವಳಿಗಿಂತ ಒಂದು ಗುಂಜಿ ಕಡಿಮೆಯೇ ಆಡುತ್ತಿದ್ದ ಇನ್ನೊಬ್ಬ ಹುಡುಗಿ ಬೇರೊಂದು ಊರಲ್ಲಿ ಕ್ವಾಲಿಫೈಯಿಂಗ್ ಆಡಿದಳು. ಮೊದಲ ಪಂದ್ಯ ಗೆದ್ದಳು. ಎರಡನೆಯದರಲ್ಲಿ ಒಂದೊಂದು ಸೆಟ್ ಆಗಿ ಮ್ಯಾಚ್ ಟೈಬ್ರೇಕಿಗೆ ಹೋಯಿತು. ಈ ಮಟ್ಟದ ಕ್ವಾಲಿಫೈಯಿಂಗ್‌ನಲ್ಲಿ ಮೂರನೇ ಸೆಟ್ಟಿನ ಬದಲು 10 ಪಾಯಿಂಟಿನ ಟೈಬ್ರೇಕ್ ಇರುತ್ತದೆ. 8-10ರಲ್ಲಿ ಸೋತಳು, ಗೋಡೆಗೆ ಒರಗಿ ಅತ್ತಳು. ಸಂಜೆ ಹೊತ್ತಿಗೆ ಗುಜರಾತಿನ ಹುಡುಗಿಯೊಬ್ಬಳ ಜೊತೆ ಡಬಲ್ಸ್‌ಗೆ ಹೆಸರು ಕೊಟ್ಟು ಬಂದಿದ್ದಳು. ಆ ವಾರದಲ್ಲಿ ಅವಳು ಕಲಿತದ್ದನ್ನು ನಾನು ಧಾರವಾಡದ ಕೋರ್ಟಿನಲ್ಲಿ ಆರು ತಿಂಗಳು ಕಲಿಸಿದರೂ ಆಗುತ್ತಿರಲಿಲ್ಲ.

ವ್ಯತ್ಯಾಸಕ್ಕೆ ಕಾರಣ ಸರಳ. ಕ್ವಾಲಿಫೈಯಿಂಗ್‌ನಲ್ಲಿ ನಿಮ್ಮ ಮಗಳ ಮಟ್ಟದವರು, ಅದಕ್ಕಿಂತ ತುಸು ಮೇಲಿನವರು ಸಿಗುತ್ತಾರೆ. ಎರಡು-ಮೂರು ಪಂದ್ಯ ಗೆದ್ದು ಮೇನ್ ಡ್ರಾ ಮುಟ್ಟುವ ಹೊತ್ತಿಗೆ ಆ ಕೋರ್ಟಿನ ಪುಟಿತ, ಗಾಳಿಯ ದಿಕ್ಕು, ಚೆಂಡಿನ ಭಾರ ಎಲ್ಲವೂ ಕೈಗೆ ಹತ್ತಿರುತ್ತದೆ. ಎದುರಿಗೆ ಬರುವ ರ್‍ಯಾಂಕಿಂಗ್ ಆಟಗಾರ್ತಿಗೆ ಅದು ವಾರದ ಮೊದಲ ಪಂದ್ಯ. ವೈಲ್ಡ್ ಕಾರ್ಡಿನವಳಿಗೆ ಈ ಅನುಕೂಲ ಇರುವುದಿಲ್ಲ. ಅದರ ಮೇಲೆ 'ಇವಳಿಗೆ ಯಾಕೆ ಕೊಟ್ಟರು' ಎಂದು ಬೆನ್ನ ಹಿಂದೆ ಬೀಳುವ ಕಣ್ಣುಗಳು ಬೇರೆ.

'ವೈಲ್ಡ್ ಕಾರ್ಡಿನವರಿಗೆ ಬೇಕಂತಲೇ ಅಗ್ರ ಶ್ರೇಯಾಂಕದವರನ್ನು ಎದುರು ಹಾಕುತ್ತಾರೆ' ಎಂಬ ಗುಮಾನಿಯೂ ನಮ್ಮ ಕಡೆ ಇದೆ. ಅದು ಸುಳ್ಳು. ಡ್ರಾ ಚೀಟಿ ಎತ್ತಿದ ಹಾಗೆ. 32ರಲ್ಲಿ 8 ಶ್ರೇಯಾಂಕಿತರು. ಉಳಿದ 24 ಮಂದಿಯಲ್ಲಿ 8 ಜನಕ್ಕೆ ಮೊದಲ ಪಂದ್ಯದಲ್ಲೇ ಶ್ರೇಯಾಂಕಿತರು ಗಂಟು ಬೀಳುತ್ತಾರೆ. ಅಂದರೆ ಮೂರರಲ್ಲಿ ಒಂದು ಪಾಲು. ವೈಲ್ಡ್ ಕಾರ್ಡಿಗೂ ಅಷ್ಟೇ, ಕ್ವಾಲಿಫೈಯರ್‌ಗೂ ಅಷ್ಟೇ.

ಮಗಳು 'ಎಲ್ಲರೂ ನೋಡ್ತಾರಪ್ಪ' ಅಂದಳಲ್ಲ, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2023ರಲ್ಲಿ ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಪುರುಷರ ಐಟಿಎಫ್ ಟೂರ್ನಿ ನಡೆದದ್ದು ನಿಮಗೂ ನೆನಪಿರಬಹುದು. ಇಂಥ ಟೂರ್ನಿಗಳಲ್ಲಿ ಕ್ವಾಲಿಫೈಯಿಂಗ್ ಬೆಳಿಗ್ಗೆ ಬಂದು ಕೂರುವವರು ಆಟಗಾರರ ಅಪ್ಪಂದಿರು, ನನ್ನಂಥ ನಾಲ್ಕು ಮಂದಿ ಕೋಚ್‌ಗಳು ಅಷ್ಟೇ. ಜನ ಬರುವುದು ವಾರದ ಕೊನೆಗೆ. ಖಾಲಿ ಕುರ್ಚಿಗಳ ಮುಂದೆ ಬೆಳಿಗ್ಗೆ ಎಂಟೂವರೆಗೆ ಜೀವ ಬಿಟ್ಟು ಆಡುವುದು 16ರ ಹುಡುಗಿಗೆ ಕಷ್ಟವೇ. ಅವಳಿಗೆ ಬ್ರಿಟನ್ನಿನ ಎಮ್ಮಾ ರಾಡುಕಾನು ಕಥೆ ಹೇಳಿ. 2021ರ ಅಮೆರಿಕ ಓಪನ್‌ಗೆ ಹೋದಾಗ 18 ವರ್ಷ, ರ್‍ಯಾಂಕಿಂಗ್ 150. ಕ್ವಾಲಿಫೈಯಿಂಗ್ ಮುಗಿಯುವ ದಿನಕ್ಕೆ ಊರಿಗೆ ವಾಪಸ್ ಟಿಕೆಟ್ ಕೂಡ ಮಾಡಿಸಿದ್ದರು. ಅಲ್ಲಿ ಮೂರು ಪಂದ್ಯ, ಮೇನ್ ಡ್ರಾದಲ್ಲಿ ಏಳು, ಒಟ್ಟು ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟೂ ಬಿಡದೆ ಗೆದ್ದರು. ಕ್ವಾಲಿಫೈಯರ್ ಒಬ್ಬರು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು.

ಇನ್ನೊಂದು ಬದಿಯ ಕಥೆಗಳೂ ಇವೆ, ಮುಚ್ಚಿಡುವುದಿಲ್ಲ. ಕಿಮ್ ಕ್ಲೈಸ್ಟರ್ಸ್ 2009ರಲ್ಲಿ ಇದೇ ಅಮೆರಿಕ ಓಪನ್ ಗೆದ್ದದ್ದು ವೈಲ್ಡ್ ಕಾರ್ಡ್ ಮೇಲೆ. ಆದರೆ ಅವರು ಹಳೆಯ ನಂಬರ್ ಒನ್, ಮಗುವಾದ ಮೇಲೆ ಆಟಕ್ಕೆ ಮರಳಿದ್ದರು. 2025ರ ಫ್ರೆಂಚ್ ಓಪನ್‌ನಲ್ಲಿ ಲೋಯಿಸ್ ಬ್ವಾಸೋನ್ 361ನೇ ರ್‍ಯಾಂಕಿನಲ್ಲಿದ್ದು, ವೈಲ್ಡ್ ಕಾರ್ಡ್ ಪಡೆದು ಸೆಮಿಫೈನಲ್ ಮುಟ್ಟಿದರು. ಇಡೀ ಫ್ರಾನ್ಸ್ ಕುಣಿಯಿತು. ಆಮೇಲಿನದು ಹೆಚ್ಚು ಜನಕ್ಕೆ ನೆನಪಿಲ್ಲ. ವಿಂಬಲ್ಡನ್‌ಗೆ ಹೆಸರು ಕೊಡುವ ಗಡುವು ಪ್ಯಾರಿಸ್ ಸಾಹಸಕ್ಕಿಂತ ಮೊದಲೇ ಮುಗಿದಿತ್ತು. ಹಾಗಾಗಿ ಹೊಸ ರ್‍ಯಾಂಕಿಂಗ್ ಲೆಕ್ಕಕ್ಕೆ ಬರಲಿಲ್ಲ, ವಿಂಬಲ್ಡನ್‌ನವರು ವೈಲ್ಡ್ ಕಾರ್ಡೂ ಕೊಡಲಿಲ್ಲ. ಕ್ವಾಲಿಫೈಯಿಂಗ್ ಆಡಿ ಮೊದಲ ಸುತ್ತಿನಲ್ಲೇ ಸೋತರು.

ಆತಿಥೇಯ ದೇಶದವರು ತಮ್ಮವರಿಗೆ ಕೊಡುವುದು ವೈಲ್ಡ್ ಕಾರ್ಡಿನ ಹಳೆಯ ರೂಢಿ. ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾದ ಸಂಘಗಳು ಪರಸ್ಪರ ಒಂದೊಂದು ಬದಲಾಯಿಸಿಕೊಳ್ಳುತ್ತವೆ ಕೂಡ. ಗ್ರ್ಯಾನ್‌ಸ್ಲಾಮ್ ಇಲ್ಲದ ನಮ್ಮಂಥ ದೇಶದ ಹುಡುಗಿಗೆ ಆ ಮನೆಯ ಊಟದಲ್ಲಿ ಎಲೆ ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಭಾರತದಲ್ಲಿ ನಡೆಯುವ ಟೂರ್ನಿಗಳಲ್ಲಿ ನಾವೇ ಆತಿಥೇಯರು. 2022ರ ಚೆನ್ನೈ ಓಪನ್‌ನಲ್ಲಿ ಕರ್ಮನ್ ಕೌರ್ ಥಾಂಡಿ ವೈಲ್ಡ್ ಕಾರ್ಡ್ ಮೇಲೆ ಬಂದು ಒಂದು ಸುತ್ತು ಗೆದ್ದರು. ನಿಮ್ಮ ಮಗಳಿಗೆ ಇದಕ್ಕಿಂತ ಹತ್ತಿರದ್ದು ಕೊಯಮತ್ತೂರಿನ ಮಾಯಾ ರಾಜೇಶ್ವರನ್ ರೇವತಿ ಅವರದು. 2025ರ ಫೆಬ್ರುವರಿಯಲ್ಲಿ, 15ನೇ ವಯಸ್ಸಿನಲ್ಲಿ, ಡಬ್ಲ್ಯೂಟಿಎ 125 ದರ್ಜೆಯ ಮುಂಬೈ ಓಪನ್‌ಗೆ ಅವರಿಗೆ ಸಿಕ್ಕ ವೈಲ್ಡ್ ಕಾರ್ಡ್ ಮೇನ್ ಡ್ರಾದ್ದಾಗಿರಲಿಲ್ಲ, ಕ್ವಾಲಿಫೈಯಿಂಗ್‌ನದ್ದು. ಅಲ್ಲಿಂದ ಗೆಲ್ಲುತ್ತಾ ಸೆಮಿಫೈನಲ್‌ವರೆಗೆ ಹೋದರು. ಕೋಕೊ ಗಾಫ್ 2019ರಲ್ಲಿ ವಿಂಬಲ್ಡನ್‌ಗೆ ಬಂದದ್ದೂ ಕ್ವಾಲಿಫೈಯಿಂಗ್ ವೈಲ್ಡ್ ಕಾರ್ಡ್ ಹಿಡಿದೇ. ಮೇನ್ ಡ್ರಾದ ಮೊದಲ ಪಂದ್ಯದಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಸೋಲಿಸಿದರು.

ನಿಮಗೆ ನಾನು ಹೇಳುವುದೂ ಇದನ್ನೇ. ಪತ್ರ ಬರೆದು ಕೇಳುವುದಾದರೆ ಕ್ವಾಲಿಫೈಯಿಂಗ್‌ಗೆ ವೈಲ್ಡ್ ಕಾರ್ಡ್ ಕೇಳಿ. ಕೇಳುವುದು ತಪ್ಪಲ್ಲ, ಅದಕ್ಕೆ ಮಧ್ಯವರ್ತಿಯೂ ಬೇಕಿಲ್ಲ. ಸಂಘಟಕರಿಗೆ, ರಾಜ್ಯ ಸಂಘಕ್ಕೆ, ರಾಷ್ಟ್ರೀಯ ಸಂಘಕ್ಕೆ ಒಂದು ಪುಟದ ಇಮೇಲ್ ಸಾಕು. ಕಳೆದ ಹನ್ನೆರಡು ತಿಂಗಳ ಫಲಿತಾಂಶಗಳು, ಯಾರನ್ನು ಸೋಲಿಸಿದಳು, ಯಾರಿಗೆ ಎಷ್ಟರಲ್ಲಿ ಸೋತಳು ಎಂದು ಬರೆಯಿರಿ. ಹೊಗಳಿಕೆ, ಫೋಟೊ, ಸನ್ಮಾನದ ಪೇಪರ್ ಕಟಿಂಗ್ ಬೇಡ.

ಅದಕ್ಕೂ ಮೊದಲು ತಾನಾಗಿ ಹೆಸರು ಕೊಟ್ಟು ಆಡುವ ದಾರಿ ನೋಡಿ. ಐಪಿನ್ ಎಂಬ ಆಟಗಾರರ ಸಂಖ್ಯೆ ಮಾಡಿಸಬೇಕು, ಭ್ರಷ್ಟಾಚಾರ ವಿರೋಧಿ ಆನ್‌ಲೈನ್ ಪಾಠ ಮುಗಿಸಬೇಕು. ಡಬ್ಲ್ಯೂ15ಕ್ಕೆ ಹೆಸರು ಕೊಡುವ ಕೊನೆಯ ದಿನ ಟೂರ್ನಿಯ ಸೋಮವಾರಕ್ಕಿಂತ 18 ದಿನ ಮೊದಲಿನ ಗುರುವಾರ. ರ್‍ಯಾಂಕಿಂಗ್ ಇಲ್ಲದವರ ಹೆಸರು ಪಟ್ಟಿಯ ಬುಡದಲ್ಲಿರುತ್ತದೆ, ಒಳಗೆ ಬರುತ್ತದೋ ಇಲ್ಲವೋ ಕೊನೆಯವರೆಗೆ ತಿಳಿಯುವುದಿಲ್ಲ. ಹಿಂದಿನ ಸಂಜೆ ಅಲ್ಲೇ ಹಾಜರಿದ್ದು ಸೈನ್-ಇನ್ ಮಾಡಿ, ಯಾರಾದರೂ ಬರದೇ ಇದ್ದರೆ ಆಡಬೇಕು. ಈ ದಾರಿಯ ಅಪಾಯ ಇದೇ, ರೈಲು, ರೂಮು, ಊಟದ ಖರ್ಚು ಮಾಡಿ ಹೋಗಿ ಒಂದು ಚೆಂಡೂ ಹೊಡೆಯದೆ ಬರಬಹುದು. ಹತ್ತಿರದ ಊರುಗಳಲ್ಲಿ ನಡೆಯುವ ಟೂರ್ನಿಗೆ ಮಾತ್ರ ಹೀಗೆ ಹೋಗಿ. ಬೆಂಗಳೂರು, ಪುಣೆ, ಸೊಲ್ಲಾಪುರ ನಮಗೆ ಒಂದು ರಾತ್ರಿಯ ದಾರಿ.

ನಿಮ್ಮ ಪರಿಚಯದವರಿಗೆ ಬಹುಶಃ ಗೊತ್ತೇ ಇರದ ವಿಷಯ ವಯಸ್ಸಿನ ಮಿತಿ. 14 ತುಂಬದವರು ಪ್ರೊಫೆಷನಲ್ ಟೂರ್ನಿ ಆಡುವಂತಿಲ್ಲ. ನಿಮ್ಮ ಮಗಳ ವಯಸ್ಸಿನವರಿಗೆ ಒಂದು ಹುಟ್ಟುಹಬ್ಬದಿಂದ ಮುಂದಿನ ಹುಟ್ಟುಹಬ್ಬದೊಳಗೆ 12 ಟೂರ್ನಿ ಮಾತ್ರ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ಪ್ರೊಫೆಷನಲ್ ಆಗಿ, ಮೂರ್ನಾಲ್ಕು ವರ್ಷದಲ್ಲಿ ಬಳಲಿ ಆಟ ಬಿಟ್ಟದ್ದನ್ನು ಕಂಡ ಮೇಲೆ, ಆ ದಶಕದ ಮಧ್ಯದಲ್ಲಿ ಈ ನಿಯಮಗಳನ್ನು ಬಿಗಿ ಮಾಡಿದರು. 12ರಲ್ಲಿ ಒಂದನ್ನು 6-0, 6-1 ಸೋಲಿಗೆ ಖರ್ಚು ಮಾಡುವ ಮುನ್ನ ಯೋಚಿಸಿ.

ಹಾಗಾದರೆ ಮಗಳು ತಯಾರಾಗಿದ್ದಾಳೆಯೇ? ಅಂಡರ್-18 ರಾಜ್ಯ ಸೆಮಿಫೈನಲ್ ಒಳ್ಳೆಯದೇ, ಆದರೆ ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಮೊದಲು ಎಐಟಿಎ (ಅಖಿಲ ಭಾರತ ಟೆನಿಸ್ ಸಂಘ) ಮಹಿಳಾ ಮುಕ್ತ ಟೂರ್ನಿ ಮೂರು-ನಾಲ್ಕು ಆಡಿಸಿ. ತನಗಿಂತ ಐದಾರು ವರ್ಷ ದೊಡ್ಡವರ ಎದುರು ಸೆಟ್ಟಿಗೆ ನಾಲ್ಕು ಗೇಮಾದರೂ ಗೆಲ್ಲುತ್ತಾಳೆಯೇ, ಎರಡನೇ ಸರ್ವ್‌ನಲ್ಲಿ ಅರ್ಧದಷ್ಟು ಪಾಯಿಂಟ್ ಉಳಿಸಿಕೊಳ್ಳುತ್ತಾಳೆಯೇ, ನೋಡಿ ಬರೆದಿಡಿ. ಹೌದಾದರೆ ಡಬ್ಲ್ಯೂ15 ಕ್ವಾಲಿಫೈಯಿಂಗ್‌ಗೆ ಕಳಿಸಬಹುದು. ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತನ್ನು ಎರಡು-ಮೂರು ಸಲ ಮುಟ್ಟಿದ ಮೇಲೆ ಮೇನ್ ಡ್ರಾ ವೈಲ್ಡ್ ಕಾರ್ಡ್ ತಾನಾಗಿ ಬಂದರೆ ಕೈಮುಗಿದು ತೆಗೆದುಕೊಳ್ಳಿ. ಆಗ ಅದು ವ್ಯರ್ಥವಾಗುವುದಿಲ್ಲ.

ಐಟಿಎಫ್ ಜೂನಿಯರ್ ಟೂರ್ನಿಗಳದ್ದೂ ಒಂದು ದಾರಿ. ಜೂನಿಯರ್ ವಿಶ್ವ ರ್‍ಯಾಂಕಿಂಗ್‌ನ ಮೊದಲ 100ರೊಳಗೆ ಬಂದರೆ ಸಣ್ಣ ಟೂರ್ನಿಗಳ ಮೇನ್ ಡ್ರಾದಲ್ಲಿ ಮೀಸಲು ಜಾಗಗಳಿವೆ. ಆದರೆ ಅಷ್ಟು ಮೇಲೆ ಹೋಗಲು ವಿದೇಶ ಸುತ್ತಬೇಕು, ಅಂಗಡಿ ಮಾಲೀಕರಿಗೆ ಅದು ಭಾರ.

ಅವ್ವನ ಮಾತಿಗೂ ಒಂದು ಉತ್ತರ ಇದೆ. ಓದು, ಟೆನಿಸ್ ಎರಡನ್ನೂ ಕಟ್ಟಿಕೊಂಡು ಹೋಗುವ ದಾರಿ ಅಮೆರಿಕದ ಕಾಲೇಜು ಟೆನಿಸ್. ಭಾರತದ ಆಟಗಾರ್ತಿ ಸಹಜಾ ಯಮಲಪಲ್ಲಿ ಅಲ್ಲಿ ಓದಿ, ಆಡಿ ಬಂದವರು. 2024ರ ಮುಂಬೈ ಓಪನ್‌ನಲ್ಲಿ ಅಗ್ರ ಶ್ರೇಯಾಂಕದ ಕೇಲಾ ಡೇ ಅವರನ್ನು ಮೊದಲ ಸುತ್ತಿನಲ್ಲೇ ಸೋಲಿಸಿದರು. ಅದಕ್ಕೆ ಪಿಯುಸಿ ಅಂಕಗಳೂ ಬೇಕು, ಆಟದ ವಿಡಿಯೊನೂ ಬೇಕು. ಬಹುಮಾನದ ಹಣದ ಲೆಕ್ಕವನ್ನು ಕಾಲೇಜಿನವರು ಕೇಳಬಹುದು, ಹಾಗಾಗಿ ಈಗಿನಿಂದಲೇ ಮಗಳು ಗೆದ್ದ ಪ್ರತಿ ರೂಪಾಯಿ, ನೀವು ಮಾಡಿದ ಪ್ರತಿ ಖರ್ಚು ಒಂದು ಪುಸ್ತಕದಲ್ಲಿ ಇರಲಿ. ಅಂಗಡಿ ಲೆಕ್ಕ ಬರೆಯುವವರಿಗೆ ಅದನ್ನು ನಾನು ಕಲಿಸಬೇಕಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಬನ್ನಿ. ಆ ಹೊತ್ತಿಗೆ ಚಿಗರಿ ಬಸ್ಸು ಖಾಲಿ ಇರುತ್ತದೆ. ಪೇಢೆ ತರಬೇಡಿ. ಅವಳು ಕೊನೆಗೆ ಸೋತ ಎರಡು ಪಂದ್ಯಗಳ ಸ್ಕೋರು ಗೇಮಿನ ಲೆಕ್ಕದಲ್ಲಿ ಬರೆದು ತನ್ನಿ. ಗೆದ್ದವು ಬೇಡ. ಮೊದಲ ಅರ್ಧ ಗಂಟೆ ಬರೀ ಎರಡನೇ ಸರ್ವ್ ಹಾಕಿಸುತ್ತೇನೆ.